ಹ್ಯಾಡನ್ ಹಾಲ್‌ಗೆ ನಕ್ಷೆ ಬರೆದವರು ಯಾರು?

ಪ್ರಶ್ನೆ: ಕೆಲಸದ ಮೇಲೆ ಇಂಗ್ಲೆಂಡಿನ ಡರ್ಬಿಯಲ್ಲಿದ್ದೇನೆ. ಊರಿಂದ ಅಪ್ಪ, ಅಮ್ಮ ಬಂದಿದ್ದಾಗ ಬೇಕ್‌ವೆಲ್ ಹತ್ತಿರದ ಹ್ಯಾಡನ್ ಹಾಲ್ ನೋಡಿ ಬಂದೆವು. ತುಂಬಾ ಇಷ್ಟವಾಯಿತು, ಆದರೆ ತಲೆಬುಡ ಅರ್ಥವಾಗಲಿಲ್ಲ. ಕೋಟೆಯ ಹಾಗೆ ಗೋಡೆಯ ನೆತ್ತಿಯಲ್ಲಿ ಹಲ್ಲುಸಾಲಿನಂಥ ತೆನೆ, ಬುರುಜು ಎಲ್ಲ ಇವೆ, ಕಂದಕ ಇಲ್ಲ. ಎರಡೆರಡು ಅಂಗಳ. ಯಾವ ನೆಲವೂ ಒಂದೇ ಮಟ್ಟದಲ್ಲಿಲ್ಲ. ಅಡುಗೆಮನೆ ಎಲ್ಲೋ ದೂರ, ಊಟದ ಹಾಲ್ ಇನ್ನೆಲ್ಲೋ. ಮೇಲಿನ ಉದ್ದದ ಗ್ಯಾಲರಿಯಲ್ಲಿ ಕಿಟಕಿ ಗಾಜೆಲ್ಲ ಉಬ್ಬಿಕೊಂಡಿದೆ. ಅಪ್ಪ ಅಂದರು: 'ನಮ್ಮ ಮಲೆನಾಡಿನ ಹಳೇ ಮನೆಗೆ ತಲೆಮಾರಿಗೊಂದು ಕೋಣೆ ಅಂಟಿಸಿದ ಹಾಗಿದೆ.' ಇದು ಕೋಟೆಯೋ, ಅರಮನೆಯೋ? ಇದರ ವಾಸ್ತುಶಿಲ್ಪಿ ಯಾರು? ಈ ಮನೆಯ ಮಗಳು ಡೊರೊಥಿ ಓಡಿಹೋದ ಮೆಟ್ಟಿಲು ಅಂತ ತೋರಿಸಿದರಲ್ಲ, ಆ ಕತೆ ನಿಜವೇ? ಇನ್ನೊಮ್ಮೆ ಹೋದರೆ ಏನು ನೋಡಬೇಕು?

ಉತ್ತರ: ನಿಮ್ಮ ಅಪ್ಪ ಸರಿಯಾಗಿ ಹೇಳಿದ್ದಾರೆ. ಹ್ಯಾಡನ್ ಹಾಲ್‌ಗೆ ಇಡೀ ಮನೆಯ ನಕ್ಷೆ ಬರೆದ ಒಬ್ಬ ವಾಸ್ತುಶಿಲ್ಪಿ ಇಲ್ಲ. 12ನೇ ಶತಮಾನದಿಂದ 17ನೇ ಶತಮಾನದ ಶುರುವಿನವರೆಗೆ ಕಲ್ಲುಕುಟಿಗರು, ಬಡಗಿಗಳು, ಮನೆಯ ಯಜಮಾನರು ಸೇರಿ ಕಟ್ಟುತ್ತಾ, ಕೆಡವುತ್ತಾ, ಸೇರಿಸುತ್ತಾ ಬಂದ ಮನೆ ಇದು. ಕೋಟೆಯೂ ಅಲ್ಲ, ಅರಮನೆಯೂ ಅಲ್ಲ. ಜಮೀನುದಾರನ ಮನೆ. ಸುತ್ತಲಿನ ಹೊಲ, ಕಾಡು, ಗಿರಣಿ, ಒಕ್ಕಲು ಎಲ್ಲ ಈ ಮನೆಯ ಲೆಕ್ಕಕ್ಕೆ ಸೇರಿದ್ದವು. ಒಕ್ಕಲುಗಳ ಸಣ್ಣಪುಟ್ಟ ತಂಟೆ ತಕರಾರು ಕೂಡ ಯಜಮಾನನ ಮುಂದೆಯೇ ತೀರ್ಮಾನವಾಗುತ್ತಿದ್ದವು. ಅಂಥ ಹಿಡುವಳಿಯನ್ನೇ ಮ್ಯಾನರ್ ಅನ್ನುತ್ತಿದ್ದರು. ಅದರ ನಡುವಿನ ಮನೆ ಮ್ಯಾನರ್ ಹೌಸ್.

ಆದರೆ 'ಅಂಟಿಸಿದ್ದು' ಅಂತ ಬಿಟ್ಟರೆ ಅರ್ಧ ಮಾತಾಯಿತು. ಸುಮ್ನೆ ಅಲ್ಲಿಲ್ಲಿ ಅಂಟಿಸಿದ್ದಲ್ಲ. ಈ ಮನೆ ಬೆಳೆದ ದಿಕ್ಕು ಒಂದೇ. ಶುರುವಿನಲ್ಲಿ ಯಜಮಾನ, ಹೆಂಡತಿ, ಮಕ್ಕಳು, ಬಂಟರು, ಆಳುಗಳು ಎಲ್ಲ ಒಂದೇ ದೊಡ್ಡ ಕೋಣೆಯಲ್ಲಿ ಉಣ್ಣುತ್ತಿದ್ದರು. ಆಮೇಲೆ ತಲೆಮಾರಿನಿಂದ ತಲೆಮಾರಿಗೆ ಯಜಮಾನನ ಕುಟುಂಬ ಅಲ್ಲಿಂದ ಜಾರಿಕೊಳ್ಳುತ್ತಾ ಹೋಯಿತು. ಮೊದಲು ಪಕ್ಕದ ಕೋಣೆಗೆ, ಆಮೇಲೆ ಮಹಡಿಗೆ, ಕೊನೆಗೆ ತೋಟದ ಕಡೆಯ ಗ್ಯಾಲರಿಗೆ. ಇದೊಂದನ್ನು ತಲೆಯಲ್ಲಿಟ್ಟುಕೊಂಡು ನಡೆದರೆ ಹ್ಯಾಡನ್ ಗೋಜಲು ಅನ್ನಿಸುವುದಿಲ್ಲ.

ಮೊದಲು ತೆನೆಯ ವಿಷಯ ಮುಗಿಸಿಬಿಡೋಣ. 12ನೇ ಶತಮಾನದ ಕೊನೆಯ ಹೊತ್ತಿಗೆ ಹ್ಯಾಡನ್ ಮದುವೆಯ ಮೂಲಕ ವೆರ್ನನ್ ಮನೆತನಕ್ಕೆ ಬಂತು. 1195ರ ಸುಮಾರಿಗೆ ರಿಚರ್ಡ್ ವೆರ್ನನ್‌ಗೆ ಒಂದು ಪರವಾನಗಿ ಸಿಕ್ಕಿತು. ಕೊಟ್ಟವನು ಜಾನ್, ಮುಂದೆ ಇಂಗ್ಲೆಂಡಿನ ರಾಜನಾದವನು. ಮನೆಯ ಸುತ್ತ 12 ಅಡಿ ಎತ್ತರದ ಗೋಡೆ ಕಟ್ಟಿಕೋ, ಆದರೆ ತೆನೆ ಇಡಬೇಡ ಅನ್ನುವುದು ಷರತ್ತು. ಗೋಡೆ ಇದ್ದರೆ ಕಳ್ಳಕಾಕರಿಂದ ರಕ್ಷಣೆ. ತೆನೆ ಇದ್ದರೆ ಅದರ ಮರೆಯಲ್ಲಿ ಬಿಲ್ಲುಗಾರರನ್ನು ನಿಲ್ಲಿಸಬಹುದು, ರಾಜನ ಸೈನ್ಯವನ್ನೇ ತಡೆಯಬಹುದು. ಹಾಗಾಗಿ ತೆನೆಗೆ ಪರವಾನಗಿ ಬೇರೆಯೇ ಬೇಕಿತ್ತು. ನೀವು ಈಗ ನೋಡುವ ತೆನೆಗಳು ಆಮೇಲೆ ಬಂದವು, ಹೆಚ್ಚಿನವು ಅಂದಕ್ಕೆ, ಅಂತಸ್ತಿಗೆ. ಅವುಗಳ ಕೆಳಗೇ ಎಷ್ಟು ದೊಡ್ಡ ದೊಡ್ಡ ಕಿಟಕಿಗಳಿವೆ ನೋಡಿ. ಯುದ್ಧದ ಭಯ ಇದ್ದವರು ಅಂಥ ಕಿಟಕಿ ಇಡುತ್ತಾರಾ? ಕಂದಕ ಯಾಕಿಲ್ಲ ಅಂದರೆ, ಮನೆ ಇರುವುದು ವೈ ನದಿಯ ಮೇಲಿನ ಸುಣ್ಣಕಲ್ಲಿನ ದಿಬ್ಬದ ಮೇಲೆ. ಬಂಡೆಯಲ್ಲಿ ಕಂದಕ ತೋಡಿ ನೀರು ನಿಲ್ಲಿಸುವ ಉಸಾಬರಿ ಯಾರಿಗೂ ಬೇಕಿರಲಿಲ್ಲ.

ನೆಲ ಒಂದೇ ಮಟ್ಟದಲ್ಲಿಲ್ಲದ್ದಕ್ಕೂ ಆ ದಿಬ್ಬವೇ ಕಾರಣ. ನೀವು ಒಳಗೆ ಬಂದದ್ದು ವಾಯುವ್ಯದ ಬಾಗಿಲಿನಿಂದ, ಕೆಳಗಿನ ಅಂಗಳಕ್ಕೆ. ಅಲ್ಲಿಂದ ಪೂರ್ವಕ್ಕೆ ನೆಲ ಏರುತ್ತಾ ಹೋಗುತ್ತದೆ. ಆ ಕೊನೆಯಲ್ಲಿ ಮೇಲಿನ ಅಂಗಳ, ಅದರ ಈಶಾನ್ಯ ಮೂಲೆಯಲ್ಲಿ ಹಳೇ ಬುರುಜು. ಎರಡು ಅಂಗಳಗಳ ನಡುವೆ ಅಡ್ಡಲಾಗಿ ನಿಂತಿರುವ ಸಾಲೇ ಮನೆಯ ಜೀವ. ಹಾಲ್ ಇರುವುದು ಅಲ್ಲಿ. ಮಿಕ್ಕಿದ್ದೆಲ್ಲ ಅದರ ಸುತ್ತ ಬೆಳೆದದ್ದು.

ಈಗ ಆ ಹಾಲ್‌ಗೆ ಬನ್ನಿ. ಇಲ್ಲಿ ನಿಧಾನಿಸಲೇಬೇಕು, ಯಾಕಂದರೆ ಇಂಗ್ಲೆಂಡಿನ ಯಾವ ಹಳೇ ಮ್ಯಾನರ್ ಮನೆಗೆ ಹೋದರೂ ಹೆಚ್ಚುಕಡಿಮೆ ಇದೇ ನಕ್ಷೆ ಸಿಗುತ್ತದೆ. ಹ್ಯಾಡನ್‌ನ ಹಾಲ್ 14ನೇ ಶತಮಾನದ್ದು, ಸುಮಾರು 1370ರ ಹೊತ್ತಿನದು. ಬಾಗಿಲಿನ ಮುಂದಿನ ಮಂಟಪದಲ್ಲಿ ಒಂದು ರೋಮನ್ ಬಲಿಪೀಠ ಇಟ್ಟಿದ್ದಾರೆ, ಮಾರ್ಸ್ ದೇವರ ಹೆಸರಿನದು. ಅದು ಮನೆಗಿಂತ ಸಾವಿರ ವರ್ಷ ಹಳೆಯದು. ಸುತ್ತಮುತ್ತ ಸಿಕ್ಕಿದ್ದನ್ನು ತಂದು ಇಟ್ಟುಕೊಂಡಿದ್ದಾರೆ ಅಷ್ಟೆ, ಮನೆಯ ಕತೆಗೂ ಅದಕ್ಕೂ ಸಂಬಂಧ ಇಲ್ಲ.

ಮಂಟಪ ದಾಟಿದರೆ ನೀವು ನೇರ ಹಾಲ್‌ಗೆ ಬೀಳುವುದಿಲ್ಲ, ಗಮನಿಸಿದ್ರಾ? ಒಂದು ಅಡ್ಡ ಓಣಿಗೆ ಬರುತ್ತೀರಿ. ಈ ಕಡೆ ಕೆಳಗಿನ ಅಂಗಳದ ಬಾಗಿಲು, ಎದುರಿಗೆ ಮೇಲಿನ ಅಂಗಳದ ಬಾಗಿಲು. ಓಣಿಗೂ ಹಾಲ್‌ಗೂ ನಡುವೆ ಕೆತ್ತನೆಯ ಓಕ್ ಮರದ ಅಡ್ಡಗೋಡೆ. ಅದಕ್ಕೆ ಸ್ಕ್ರೀನ್ ಅನ್ನುತ್ತಾರೆ. ಎದುರುಬದುರು ಬಾಗಿಲಿನಿಂದ ನುಗ್ಗುವ ಚಳಿಗಾಳಿ ಉಣ್ಣುವವರ ಬೆನ್ನಿಗೆ ಬಡಿಯದಿರಲಿ ಅಂತ ಇದು ಹುಟ್ಟಿತು. ಓಣಿಯ ಇನ್ನೊಂದು ಮಗ್ಗುಲಿಗೆ ಒತ್ತೊತ್ತಾಗಿ ಬಾಗಿಲುಗಳಿವೆ. ಒಂದು ಬಟರಿಗೆ, ಅಂದರೆ ಏಲ್ (ಒಂದು ಥರದ ಬಿಯರ್) ಮತ್ತು ವೈನ್ ಪೀಪಾಯಿ ಇಡುವ ಕೋಣೆಗೆ. ಒಂದು ಪ್ಯಾಂಟ್ರಿಗೆ, ಅಲ್ಲಿ ರೊಟ್ಟಿ. ಇನ್ನೊಂದು ಅಡುಗೆಮನೆಯ ದಾರಿ. ಬಟರಿ ಅಂದ ಕೂಡಲೇ ಬೆಣ್ಣೆ ನೆನಪಾಗುತ್ತದೆ, ಆದರೆ ಅಲ್ಲಿ ಕಾರುಬಾರೆಲ್ಲ ಪೀಪಾಯಿಯದು.

ಇದು ಹಾಲ್‌ನ ಕೆಳ ತುದಿ. ಎದುರಿನ ತುದಿಯಲ್ಲಿ ನೆಲ ಒಂದು ಮೆಟ್ಟಿಲಿನಷ್ಟು ಎತ್ತರ. ಆ ಜಗಲಿಯ ಮೇಲೆ ಅಡ್ಡಲಾಗಿ ಉದ್ದನೆಯ ಮೇಜು, ಗೋಡೆಗೆ ಬೆನ್ನು ಕೊಟ್ಟು ಕೂರುವ ಸಾಲು. ಯಜಮಾನ ಅಲ್ಲಿ ಕೂರುತ್ತಿದ್ದ, ಇಡೀ ಹಾಲ್ ಅವನ ಕಣ್ಣಳತೆಯಲ್ಲಿ. ಮಿಕ್ಕವರು ಕೆಳಗೆ ಉದ್ದುದ್ದಕ್ಕೆ ಹಾಕಿದ ಮೇಜುಗಳಲ್ಲಿ. ಯಾರು ಯಜಮಾನನಿಗೆ ಎಷ್ಟು ಹತ್ತಿರ ಕೂರುತ್ತಾರೆ ಅನ್ನುವುದರಲ್ಲೇ ಅವರ ಸ್ಥಾನ ಗೊತ್ತಾಗುತ್ತಿತ್ತು. ಹ್ಯಾಡನ್‌ನ ಜಗಲಿಯ ಮೇಲಿನ ಹಳೇ ಮೇಜು ಈಗಲೂ ಅಲ್ಲೇ ಇದೆ. ಅದರ ಹಲಗೆಯ ಸವೆತ ನೋಡಬೇಕು. ಸ್ಕ್ರೀನ್‌ಗೆ ಒಂದು ಕಬ್ಬಿಣದ ಕೈಕೋಳ ಹೊಡೆದಿರುವುದನ್ನೂ ತೋರಿಸಿರುತ್ತಾರೆ. ತನ್ನ ಪಾಲಿನ ಏಲ್ ಕುಡಿಯಲು ಒಲ್ಲೆ ಅಂದವನ ಕೈಯನ್ನು ಅದಕ್ಕೆ ಸಿಕ್ಕಿಸಿ, ಉಳಿದ ಏಲ್ ಅಂಗಿಯ ತೋಳಿನೊಳಗೆ ಸುರಿಯುತ್ತಿದ್ದರಂತೆ. ಕೋಳ ಅಂತೂ ಅಲ್ಲಿದೆ. ಮಿಕ್ಕಿದ್ದನ್ನು ಗೈಡ್‌ಗಳಿಗೇ ಬಿಡುತ್ತೇನೆ.

ಇನ್ನು ಬೆಂಕಿ. ಈ ಥರದ ಹಾಲ್‌ಗಳು ಹುಟ್ಟಿದ ಕಾಲದಲ್ಲಿ ಒಲೆ ಗೋಡೆಯಲ್ಲಿರಲಿಲ್ಲ, ನೆಲದ ನಡುಮಧ್ಯದಲ್ಲಿ ಉರಿಯುತ್ತಿತ್ತು. ಹೊಗೆ ಮೇಲೇರಿ ತೊಲೆ ಜಂತೆಗಳ ನಡುವೆ ತೇಲಿ, ಚಾವಣಿಯ ಕಿಂಡಿಯಿಂದ ಹೊರಗೆ ಹೋಗಬೇಕು. ಅದಕ್ಕೇ ಆ ಹಾಲ್‌ಗಳಿಗೆ ಅಷ್ಟು ಎತ್ತರ, ಮೇಲೆ ಮಹಡಿ ಇಲ್ಲ. ಕೆಂಟ್‌ನ ಪೆನ್‌ಶರ್ಸ್ಟ್ ಪ್ಲೇಸ್‌ನಲ್ಲಿ ಇಂಥ ನಡುವಿನ ಒಲೆ ಇವತ್ತಿಗೂ ಇದೆ, ಎಂಟು ಮೂಲೆಯದು. ಅದನ್ನು 1341ರಲ್ಲಿ ಕಟ್ಟಲು ಶುರುಮಾಡಿದವನು ಲಂಡನ್‌ನ ವ್ಯಾಪಾರಿ ಜಾನ್ ಡಿ ಪುಲ್ಟ್‌ನಿ. ಹ್ಯಾಡನ್‌ನಲ್ಲಿ ಗೋಡೆಯ ಫೈರ್‌ಪ್ಲೇಸ್ ಆಮೇಲೆ ಬಂತು. ತಲೆ ಎತ್ತಿ ನೋಡಿದಾಗ ಕಾಣುವ ಓಕ್ ಚಾವಣಿ 1920ರ ದಶಕದ್ದು. ಹಳೆಯದು ಅಂತ ನೀವು ಫೋಟೋ ತೆಗೆದಿದ್ದರೆ ಬೇಜಾರು ಬೇಡ, ಎಸ್ಟೇಟಿನದೇ ಓಕ್ ಮರ ಕಡಿದು ಹಳೇ ಪದ್ಧತಿಯಲ್ಲೇ ಮಾಡಿದ್ದಾರೆ.

ಅಡುಗೆಮನೆ ದೂರ ಇರುವುದೂ ಬೆಂಕಿಯ ಭಯಕ್ಕೆ. ಮೊದಲು ಅದು ಬೇರೆಯೇ ಕಟ್ಟಡ. ಆಮೇಲೆ ಓಣಿ ಕಟ್ಟಿ ಸೇರಿಸಿದರು. ನೀವು ಇಳಿಜಾರಿನ ಕತ್ತಲೆ ಓಣಿಯಲ್ಲಿ ನಡೆದಿರಲ್ಲ, ಅದೇ. ಊಟ ಮೇಜಿಗೆ ಬರುವ ಹೊತ್ತಿಗೆ ಆರಿರುತ್ತಿತ್ತು, ಅದರಲ್ಲಿ ಅನುಮಾನವೇ ಇಲ್ಲ. ಯಾರೂ ಅದನ್ನು ದೊಡ್ಡದು ಮಾಡಲಿಲ್ಲ, ಮನೆ ಸುಟ್ಟುಹೋಗುವುದಕ್ಕಿಂತ ತಣ್ಣಗಿನ ಮಾಂಸವೇ ವಾಸಿ. ಇಂಗ್ಲೆಂಡಿನಲ್ಲಿ ಮಧ್ಯಯುಗದ ಅಡುಗೆಮನೆ ಇಷ್ಟು ಚೆನ್ನಾಗಿ ಉಳಿದಿರುವುದು ಅಪರೂಪ. ಮುಂದಿನ ಸಲ ಅಲ್ಲಿ ಐದು ನಿಮಿಷ ಜಾಸ್ತಿ ನಿಲ್ಲಿ. ಮಾಂಸ ಕೊಚ್ಚುವ ಮರದ ದಿಮ್ಮಿಗಳು ಮಧ್ಯೆ ತಗ್ಗಾಗಿವೆ. ಉಪ್ಪು ಹಾಕಿಡುವ ತೊಟ್ಟಿ ಇದೆ. ಗೋಡೆಯ ಮಸಿ ಇದೆ. ಮಹಡಿಯ ಕೋಣೆಗಳನ್ನು ಬೇರೆ ಬೇರೆ ಕಾಲದಲ್ಲಿ ಮತ್ತೆ ಮತ್ತೆ ಅಲಂಕಾರ ಮಾಡಿದ್ದಾರೆ. ಇಲ್ಲಿ ಅಲಂಕಾರಕ್ಕೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, ಹಾಗಾಗಿ ನನ್ನ ಮಟ್ಟಿಗೆ ಇಡೀ ಮನೆಯಲ್ಲಿ ಜಾಸ್ತಿ ನಂಬಿಕಸ್ತ ಕೋಣೆ ಇದೇ.

ಈಗ ಯಜಮಾನ ಜಾರಿಕೊಂಡ ಕತೆ. ಒಲೆ ಗೋಡೆಗೆ ಬಂದು ಚಿಮಣಿ ಬಂದ ಮೇಲೆ ಹೊಗೆಗಾಗಿ ಎತ್ತರದ ಚಾವಣಿ ಬೇಕಾಗಿರಲಿಲ್ಲ. ಸಣ್ಣ ಕೋಣೆಯನ್ನೂ ಬೆಚ್ಚಗಿಡಬಹುದು, ಅದರ ಮೇಲೆ ಇನ್ನೊಂದು ಕೋಣೆ ಕಟ್ಟಿ ಅದಕ್ಕೂ ಒಲೆ ಇಡಬಹುದು. ಹಾಲ್‌ನ ಮೇಲ್ತುದಿಯ ಹಿಂದೆ ಕೆಳಗೊಂದು ಪಾರ್ಲರ್ (ಮನೆಯವರಷ್ಟೇ ಕೂತು ಉಣ್ಣುವ ಕೋಣೆ), ಮೇಲೊಂದು ದೊಡ್ಡ ಕೋಣೆ, ಇದೇ ರೂಢಿಯಾಯಿತು. ಹ್ಯಾಡನ್‌ನಲ್ಲಿ ಪಾರ್ಲರ್‌ಗೆ ಮರದ ಹೊದಿಕೆ ಹಾಕಿಸಿದವನು ಸರ್ ಜಾರ್ಜ್ ವೆರ್ನನ್, 1545ರಲ್ಲಿ. ಪೀಕ್ ಅನ್ನುವ ಆ ಬೆಟ್ಟಸೀಮೆಯಲ್ಲಿ ಅವನನ್ನು 'ಪೀಕ್‌ನ ರಾಜ' ಅಂತಲೇ ಕರೆಯುತ್ತಿದ್ದರು, ಅಷ್ಟು ದರ್ಬಾರು. ಕೋಣೆಯ ಚಾವಣಿಯಲ್ಲಿ ಆಗಿನ ರಾಜಮನೆತನದ ಗುರುತಾದ ಟ್ಯೂಡರ್ ಗುಲಾಬಿ ಬಿಡಿಸಿದ್ದಾರೆ. ಒಲೆಯ ಮೇಲೆ 'ದೇವರಿಗೆ ಅಂಜು, ದೊರೆಯನ್ನು ಗೌರವಿಸು' ಅನ್ನುವ ಮಾತು ಕೆತ್ತಿದ್ದಾರೆ. ಆಗ ಸಿಂಹಾಸನದ ಮೇಲೆ ಇದ್ದವನು ಎಂಟನೇ ಹೆನ್ರಿ. ಮಠಗಳನ್ನೇ ಮುಚ್ಚಿಸಿ ಆಸ್ತಿ ಕಿತ್ತುಕೊಂಡ ರಾಜ. ಅಂಥವನ ಕಾಲದಲ್ಲಿ ಊಟದ ಕೋಣೆಯಲ್ಲಿ ಇಂಥ ಮಾತು ಕಾಣುವ ಹಾಗೆ ಇಡುವುದು ಬುದ್ಧಿವಂತಿಕೆ.

ಪಾರ್ಲರ್‌ನಲ್ಲಿ ನಿಂತು ಹಾಲ್ ಕಡೆ ತಿರುಗಿ ನೋಡಿ. ಎಷ್ಟು ಚಿಕ್ಕ ಕೋಣೆ, ಎಷ್ಟು ತಗ್ಗು ಚಾವಣಿ, ಎಷ್ಟು ಬೆಚ್ಚಗೆ. ಇಲ್ಲಿ ಕೂತು ಉಣ್ಣುವವರಿಗೆ ಹಾಲ್‌ನ ಗದ್ದಲ ಕೇಳಿಸುತ್ತಿರಬಹುದು, ಮುಖ ಕಾಣುತ್ತಿರಲಿಲ್ಲ. ಯಜಮಾನನ ಕಣ್ಣಳತೆಯಲ್ಲಿ ಎಲ್ಲರೂ ಉಣ್ಣುತ್ತಿದ್ದ ಕಾಲ ಅಲ್ಲಿಗೆ ಮುಗಿಯುತ್ತಾ ಬಂತು. ಹಾಲ್ ಉಳಿಯಿತು, ಆದರೆ ಅದು ಆಳುಕಾಳುಗಳ ಜಾಗವಾಯಿತು, ಹಬ್ಬ ಹರಿದಿನಕ್ಕೆ ಯಜಮಾನನೂ ಬಂದು ಕೂರುವ ಜಾಗವಾಯಿತು.

ಆ ಜಾರುವಿಕೆಯ ಕೊನೆಯ ಹಂತವೇ ಲಾಂಗ್ ಗ್ಯಾಲರಿ. 110 ಅಡಿ ಉದ್ದ, 17 ಅಡಿ ಅಗಲ. ಸುಮಾರು 1600ರ ಹೊತ್ತಿನದು. ಕಟ್ಟಿಸಿದವನು ಸರ್ ಜಾನ್ ಮ್ಯಾನರ್ಸ್, ಜಾರ್ಜ್ ವೆರ್ನನ್‌ನ ಅಳಿಯ. ಮಲಗುವುದಕ್ಕಲ್ಲ, ಉಣ್ಣುವುದಕ್ಕಲ್ಲ. ಮಳೆ, ಚಳಿ ಇದ್ದಾಗ ಮನೆಯೊಳಗೇ ಅಡ್ಡಾಡುವುದಕ್ಕೆ, ಬಂದವರಿಗೆ ತೋರಿಸುವುದಕ್ಕೆ. ಅಡ್ಡಾಡುವುದಕ್ಕೇ ಅಂತ ಒಂದು ಕೋಣೆ ಕಟ್ಟಿಸುವಷ್ಟು ದುಡ್ಡಿದೆ ಅಂತ ಹೇಳಿಕೊಳ್ಳುವುದಕ್ಕೂ ಹೌದು. ಗೋಡೆಯ ಓಕ್ ಕೆತ್ತನೆಯಲ್ಲಿ ಹಂದಿಯ ತಲೆ, ನವಿಲು ಒಂದಾದ ಮೇಲೊಂದು ಬರುತ್ತವೆ. ಹಂದಿ ವೆರ್ನನ್‌ರ ಗುರುತು, ನವಿಲು ಮ್ಯಾನರ್ಸ್‌ರದು. ಎರಡು ಮನೆತನ ಒಂದಾದ ಸುದ್ದಿಯನ್ನು ಮರದಲ್ಲಿ ಬರೆಸಿದ್ದಾರೆ. ಈ ಗ್ಯಾಲರಿಯ ಹಿಂದೆ ಆ ಕಾಲದ ದೊಡ್ಡ ಮನೆಗಳಿಗೆ ನಕ್ಷೆ ಬರೆಯುತ್ತಿದ್ದ ರಾಬರ್ಟ್ ಸ್ಮಿತ್‌ಸನ್‌ನ ಕೈ ಇರಬೇಕು ಅಂತ ಹಲವು ವಿದ್ವಾಂಸರ ಅಂದಾಜು. ಹ್ಯಾಡನ್‌ನಲ್ಲಿ 'ವಾಸ್ತುಶಿಲ್ಪಿ' ಅನ್ನಬಹುದಾದ ಹೆಸರು ಅಂದರೆ ಅದೊಂದೇ, ಅದೂ ಒಂದು ಭಾಗಕ್ಕೆ ಮಾತ್ರ.

ನಿಮ್ಮ ಉಬ್ಬಿದ ಗಾಜಿನ ಪ್ರಶ್ನೆಗೆ ಬಂದೆ. ಇದಕ್ಕೆ ಎರಡು ಉತ್ತರ ಇವೆ, ಎರಡೂ ಬೇಕು.

ಆ ಕಾಲದಲ್ಲಿ ದೊಡ್ಡ ಗಾಜಿನ ಹಾಳೆ ಮಾಡಲು ಆಗುತ್ತಿರಲಿಲ್ಲ. ಕೊಳವೆಯ ತುದಿಯಲ್ಲಿ ಕರಗಿದ ಗಾಜನ್ನು ಊದಿ, ಬಿಡಿಸಿ, ತಣಿಸಿ, ಸಣ್ಣ ತುಂಡು ಕತ್ತರಿಸಬೇಕು. ಆ ವಜ್ರಾಕಾರದ ತುಂಡುಗಳನ್ನು ಸೀಸದ ಪಟ್ಟಿಗಳಿಂದ ಹೆಣೆದು ಕಿಟಕಿ ಮಾಡುತ್ತಿದ್ದರು. ಪಟ್ಟಿಯ ಎರಡೂ ಮಗ್ಗುಲಿಗೆ ಉದ್ದಕ್ಕೂ ತೋಡು ಇರುತ್ತದೆ, ಗಾಜಿನ ಅಂಚು ಅದರೊಳಗೆ ಕೂರುತ್ತದೆ. ಹೆಣೆದ ಫಲಕವನ್ನು ತಂತಿಯಿಂದ ಅಡ್ಡ ಕಬ್ಬಿಣದ ಸಲಾಕೆಗೆ ಕಟ್ಟುತ್ತಾರೆ. ಸೀಸ ಮೆತ್ತಗಿನ ಲೋಹ, ಭಾರವೂ ಜಾಸ್ತಿ. ಬಿಸಿಲಿಗೆ ಹಿಗ್ಗಿ, ಚಳಿಗೆ ಕುಗ್ಗಿ, ತನ್ನ ಭಾರಕ್ಕೆ ತಾನೇ ಕುಸಿದು, ವರ್ಷಗಳು ಕಳೆದ ಹಾಗೆ ಫಲಕ ಹೊಟ್ಟೆ ಬಿಡುತ್ತದೆ. ಹಳೇ ಕಟ್ಟಡ ದುರಸ್ತಿ ಮಾಡುವ ನಮ್ಮಂಥವರಿಗೆ ಇದು ದಿನನಿತ್ಯದ ನೋಟ. ಗಾಜು ದ್ರವ, ಶತಮಾನಗಟ್ಟಲೆ ಕೆಳಗೆ ಹರಿದು ದಪ್ಪಗಾಗಿದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ತುಂಡುಗಳ ದಪ್ಪ ಹೆಚ್ಚುಕಡಿಮೆ ಇರುವುದು ಊದಿ ಮಾಡಿದ ಕಾರಣಕ್ಕೆ, ಮಾಡಿದ ದಿನದಿಂದಲೇ.

ಆದರೆ ಹ್ಯಾಡನ್ ಗ್ಯಾಲರಿಯ ಉಬ್ಬು ಬರೀ ಮುಪ್ಪಿನದಲ್ಲ. ಫಲಕಗಳನ್ನು ಬೇಕೆಂದೇ ಒಂದೊಂದು ಕೋನಕ್ಕೆ ಬಾಗಿಸಿ ಕೂರಿಸಿದ್ದಾರೆ, ಬೆಳಕು ಬೇರೆ ಬೇರೆ ದಿಕ್ಕಿಗೆ ಚೆಲ್ಲಲಿ ಅಂತ. ಮನೆಯವರೂ ಇದನ್ನೇ ಹೇಳುತ್ತಾರೆ, ನನಗೂ ಒಪ್ಪಿಗೆ. ಸುಮ್ನೆ ಕುಸಿದದ್ದಾದರೆ ಒಂದೊಂದು ಕಿಟಕಿ ಒಂದೊಂದು ಥರ ಹಾಳಾಗಿರಬೇಕಿತ್ತು. ಇಲ್ಲಿ ಹಾಗಿಲ್ಲ, ಅಲೆಗೊಂದು ಕ್ರಮ ಇದೆ. ಇದನ್ನು ಒಳಗಿನಿಂದಲ್ಲ, ಹೊರಗಿನಿಂದ ನೋಡಬೇಕು. ಬಿಸಿಲಿದ್ದ ದಿನ ತೋಟದ ಮೆಟ್ಟಿಲ ಹತ್ತಿರ ನಿಂತು ಆ ದಕ್ಷಿಣದ ಗೋಡೆ ನೋಡುತ್ತಾ ನಾಲ್ಕು ಹೆಜ್ಜೆ ಪಕ್ಕಕ್ಕೆ ನಡೆಯಿರಿ. ನೀವು ನಡೆದ ಹಾಗೆ ಒಂದು ಸಾಲು ಮಿಂಚಿ ಆರುತ್ತದೆ, ಪಕ್ಕದ ಸಾಲು ಮಿಂಚುತ್ತದೆ. ಗಾಜು ಚಪ್ಪಟೆ ಇದ್ದಿದ್ದರೆ ಇಡೀ ಕಿಟಕಿ ಒಮ್ಮೆಗೇ ಹೊಳೆದು ಒಮ್ಮೆಗೇ ಕಪ್ಪಾಗುತ್ತಿತ್ತು.

ಗೋಡೆಯನ್ನೂ ಹಾಗೇ ಹತ್ತಿರ ಹೋಗಿ ನೋಡಿ. ಎರಡು ಥರದ ಕಲ್ಲು ಕಾಣುತ್ತದೆ. ಗೋಡೆಯ ಮೈಯಲ್ಲಿ ಜಾಸ್ತಿ ಇರುವುದು ಬೂದು ಬಣ್ಣದ ಸುಣ್ಣಕಲ್ಲು, ಅಂಕುಡೊಂಕು ತುಂಡುಗಳು. ಕಿಟಕಿಯ ಚೌಕಟ್ಟು, ಬಾಗಿಲಿನ ಕಮಾನು, ಮೂಲೆಗಳು ಕಂದು ಛಾಯೆಯ ಕಲ್ಲಿನವು, ನೀಟಾಗಿ ಕೆತ್ತಿದವು. ಅದು ಗ್ರಿಟ್‌ಸ್ಟೋನ್, ಒರಟು ಮರಳುಗಲ್ಲು. ಆ ಸೀಮೆಯಲ್ಲಿ ಎರಡೂ ಸಿಗುತ್ತವೆ. ಸುಣ್ಣಕಲ್ಲು ಮನೆಯ ಕೆಳಗೇ ಇದೆ, ಆದರೆ ಉಳಿಗೆ ಸರಿಯಾಗಿ ಬಗ್ಗುವುದಿಲ್ಲ. ಗ್ರಿಟ್‌ಸ್ಟೋನ್ ಕೆತ್ತನೆಗೆ ಒಗ್ಗುತ್ತದೆ. ಹೊಟ್ಟೆಗೆ ಅದು, ಅಂಚಿಗೆ ಇದು. ಎಲ್ಲೋ ಒಂದು ಕಡೆ ಕಲ್ಲಿನ ಸಂದು ಮೇಲಿಂದ ಕೆಳಗೆ ನೇರ ಗೆರೆ ಎಳೆದ ಹಾಗೆ ಕಂಡರೆ ಅಲ್ಲಿ ನಿಲ್ಲಿ. ಒಂದೇ ಸಲ ಕಟ್ಟಿದ ಗೋಡೆಯಲ್ಲಿ ಕಲ್ಲುಗಳು ಒಂದಕ್ಕೊಂದು ಹಲ್ಲು ಕೊಟ್ಟು ಕೂತಿರುತ್ತವೆ. ನೇರ ಗೆರೆ ಅಂದರೆ ಒಬ್ಬರು ಕಟ್ಟಿ ನಿಲ್ಲಿಸಿದ್ದಕ್ಕೆ ಇನ್ನೊಬ್ಬರು ಬಂದು ಸೇರಿಸಿದ್ದಾರೆ. ನಿಮ್ಮ ಅಪ್ಪನ ಮಾತಿಗೆ ಸಾಕ್ಷಿ ಅದೇ. ಚಾವಣಿ ಯಾಕೆ ಕಾಣುವುದಿಲ್ಲ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಡರ್ಬಿಶೈರ್ ಸೀಸದ ಗಣಿಗಳ ಸೀಮೆ. ಸೀಸದ ಹಾಳೆ ಹೊದಿಸಿದರೆ ಚಾವಣಿಗೆ ಕಡಿದಾದ ಇಳಿಜಾರು ಬೇಡ, ತೆನೆಯ ಹಿಂದೆ ಅಡಗಿಸಿಬಿಡಬಹುದು. ಮಳೆನೀರಿನ ಸೀಸದ ಕೊಳವೆಗಳ ತಲೆಯಲ್ಲೂ ಕುಸುರಿ ಕೆಲಸ ಇದೆ, ನೋಡಿ.

ಇಷ್ಟೆಲ್ಲ ಉಳಿದದ್ದು ಹೇಗೆ? ಯಾರೂ ಇರಲಿಲ್ಲವಲ್ಲ, ಅದಕ್ಕೆ. 1641ರಲ್ಲಿ ಹ್ಯಾಡನ್‌ನ ಮ್ಯಾನರ್ಸ್ ಕವಲಿಗೆ ರಟ್‌ಲ್ಯಾಂಡ್ ಅರ್ಲ್ ಪದವಿ ಬಂತು, 1703ರಲ್ಲಿ ಅದಕ್ಕೂ ಮೇಲಿನ ಡ್ಯೂಕ್ ಪದವಿ. ಅಷ್ಟು ಹೊತ್ತಿಗೆ ಕುಟುಂಬ ತನ್ನ ಇನ್ನೊಂದು ದೊಡ್ಡ ಮನೆಯಾದ ಬೀವರ್ ಕ್ಯಾಸಲ್‌ನಲ್ಲಿ ನೆಲೆಸಿತ್ತು. ಹ್ಯಾಡನ್ ಸುಮಾರು 200 ವರ್ಷ ಖಾಲಿ. ಚಾವಣಿ ಸೋರದ ಹಾಗೆ ನೋಡಿಕೊಂಡರು, ಅಷ್ಟೆ. ಆ 200 ವರ್ಷದಲ್ಲಿ ಇಂಗ್ಲೆಂಡಿನ ದುಡ್ಡಿದ್ದವರೆಲ್ಲ ಹಳೇ ಮನೆ ಕೆಡವಿ ಹೊಸ ಫ್ಯಾಶನ್ನಿಗೆ ಕಟ್ಟಿಸಿಕೊಂಡರು. ಕೆಲವೇ ಮೈಲಿ ದೂರದ ಇನ್ನೊಂದು ದೊಡ್ಡ ಮನೆ ಚಾಟ್ಸ್‌ವರ್ತ್‌ನಲ್ಲಿ 1687ರಿಂದ ಅದೇ ಆಯಿತು. ಹ್ಯಾಡನ್‌ಗೆ ಆ ಗತಿ ಬರಲಿಲ್ಲ. ಮಜಾ ಏನಂದರೆ, ತಾವು ವಾಸವೇ ಇಲ್ಲದ ಆ ಮನೆಯ ಮುಂದೆ ರೈಲು ಕಾಣಬಾರದು ಅಂತ ಡ್ಯೂಕ್ ಹಟ ಹಿಡಿದ. 1863ರಲ್ಲಿ ರೈಲು ಬಂದದ್ದು ಸುರಂಗದೊಳಗೆ. ಹೆಚ್ಚಿನ ಭಾಗ ಬೆಟ್ಟ ಕೊರೆದದ್ದೂ ಅಲ್ಲ, ನೆಲ ತೋಡಿ, ಹಳಿಯ ಮೇಲೆ ಕಮಾನು ಕಟ್ಟಿ, ಮತ್ತೆ ಮಣ್ಣು ಮುಚ್ಚಿದ್ದು.

1912ರಲ್ಲಿ ಮುಂದೆ 9ನೇ ಡ್ಯೂಕ್ ಆಗಲಿದ್ದ ಜಾನ್ ಮ್ಯಾನರ್ಸ್ ದುರಸ್ತಿಗೆ ಕೈಹಾಕಿದ. ಜೀವಮಾನದ ಕೆಲಸವೇ ಆಯಿತು ಅದು. 1940ರಲ್ಲಿ ತೀರಿಕೊಂಡ. ಗ್ಯಾಲರಿಯಲ್ಲಿ ಒಲೆಯ ಮೇಲೆ ತೂಗುಹಾಕಿರುವ 1933ರ ಚಿತ್ರದಲ್ಲಿ ಮಗನ ಜೊತೆ ನಿಂತು ಮನೆಯನ್ನು ನೋಡುತ್ತಿರುವವನು ಅವನೇ. ರೆಕ್ಸ್ ವಿಸ್ಲರ್ ಬರೆದದ್ದು. ಅವನ ಕಾಲದಲ್ಲೇ ಮನೆಯ ಚಿಕ್ಕ ಚರ್ಚಾದ ಚಾಪೆಲ್‌ನ ಗೋಡೆಗಳಿಂದ ಸುಣ್ಣ ಬಿಡಿಸಿದಾಗ ಅಡಿಯಲ್ಲಿ 15ನೇ ಶತಮಾನದ ಚಿತ್ರಗಳು ಸಿಕ್ಕವು. ಮಗುವನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟುವ ಸಂತ ಕ್ರಿಸ್ಟೋಫರ್, ಕಾಲಿನ ಸುತ್ತ ಮೀನು. ಬೆಳಿಗ್ಗೆ ಈ ಸಂತನ ಮುಖ ನೋಡಿದವರಿಗೆ ಆ ದಿನ ದುರ್ಮರಣ ಇಲ್ಲ ಅನ್ನುವ ನಂಬಿಕೆ ಆಗ ಇತ್ತು. 16ನೇ ಶತಮಾನದ ಧರ್ಮಸುಧಾರಣೆಯಲ್ಲಿ ಇಂಥ ಚಿತ್ರಗಳ ಮೇಲೆಲ್ಲ ಸುಣ್ಣ ಬಳಿದರು. ಅಳಿಸಲು ಬಳಿದ ಸುಣ್ಣವೇ ಅವನ್ನು ಕಾಪಾಡಿತು. ಪೂರ್ವದ ಕಿಟಕಿಯ ಬಣ್ಣದ ಗಾಜು 1427ರದು. ಚಾಪೆಲ್ ಮನೆಯವರಿಗೆ ಮಾತ್ರ ಅಂತ ಕಟ್ಟಿದ್ದಲ್ಲ, ಈಗ ಇಲ್ಲವಾಗಿರುವ ನೆದರ್ ಹ್ಯಾಡನ್ ಹಳ್ಳಿಗೂ ಅದೇ ಚರ್ಚ್ ಆಗಿತ್ತು.

ಡೊರೊಥಿಯ ಕತೆಗೆ ಬಂದರೆ, ಮದುವೆ ನಿಜ. ಜಾರ್ಜ್ ವೆರ್ನನ್‌ನ ಮಗಳು ಡೊರೊಥಿ, ಜಾನ್ ಮ್ಯಾನರ್ಸ್‌ನನ್ನು 1563ರಲ್ಲಿ ಮದುವೆಯಾದಳು. ಹ್ಯಾಡನ್ ಮ್ಯಾನರ್ಸ್ ಮನೆತನಕ್ಕೆ ಬಂದದ್ದು ಆ ದಾರಿಯಲ್ಲೇ. ಮನೆಯಲ್ಲಿ ಕುಣಿತ ನಡೆಯುತ್ತಿದ್ದಾಗ ಅಪ್ಪನ ಕಣ್ಣು ತಪ್ಪಿಸಿ ಮೆಟ್ಟಿಲು ಇಳಿದು ಓಡಿದಳು ಅನ್ನುವುದು 19ನೇ ಶತಮಾನದಲ್ಲಿ ಅಚ್ಚಾಗಿ ಹಬ್ಬಿದ ಕತೆ. ಕಟ್ಟಡ ಅದನ್ನು ಒಪ್ಪುವುದಿಲ್ಲ. ಗ್ಯಾಲರಿಯೂ ಆ ಬಾಗಿಲೂ ಮೆಟ್ಟಿಲೂ 1563ರಲ್ಲಿ ಇರಲೇ ಇಲ್ಲ, ಅವಳ ಗಂಡ ಆಮೇಲೆ ಕಟ್ಟಿಸಿದ್ದು. ಡೊರೊಥಿ ತೀರಿಕೊಂಡದ್ದು 1584ರಲ್ಲಿ. ಓಡಿಹೋಗಿದ್ದರೂ ಇರಬಹುದು, ಈ ಮೆಟ್ಟಿಲಿಂದ ಅಲ್ಲ. ಅಮ್ಮನಿಗೆ ಕತೆ ಇಷ್ಟವಾಗಿದ್ದರೆ ಇದನ್ನು ಹೇಳಬೇಡಿ ಬಿಡಿ.

ಹ್ಯಾಡನ್‌ಗೆ ಮತ್ತೆ ಹೋಗುವ ಮೊದಲು ಅದೇ ಕೌಂಟಿಯ ಪೂರ್ವಕ್ಕಿರುವ ಹಾರ್ಡ್‌ವಿಕ್ ಹಾಲ್ ಒಮ್ಮೆ ನೋಡಿ. 1590ರಿಂದ 1597ರೊಳಗೆ ಒಂದೇ ಉಸಿರಿಗೆ ಕಟ್ಟಿದ್ದು, ಅದೇ ಸ್ಮಿತ್‌ಸನ್‌ನ ನಕ್ಷೆ. ಕಲ್ಲುಕುಟಿಗನಾಗಿ ಶುರುಮಾಡಿದವನು ಅವನು, 1614ರಲ್ಲಿ ಸತ್ತಾಗ ಸಮಾಧಿಯ ಮೇಲೆ 'ಆರ್ಕಿಟೆಕ್ಟರ್' ಅಂತ ಬರೆಸಿಕೊಂಡ. ಕಟ್ಟಿಸಿದಾಕೆ ಬೆಸ್ ಆಫ್ ಹಾರ್ಡ್‌ವಿಕ್, ನಾಲ್ಕು ಮದುವೆಯಾಗಿ ನಾಲ್ವರನ್ನೂ ಕಳೆದುಕೊಂಡು, ಪ್ರತಿ ಸಲವೂ ಇನ್ನಷ್ಟು ಸಿರಿವಂತಳಾದ ಹೆಂಗಸು. ಎಡಕ್ಕೆಷ್ಟೋ ಬಲಕ್ಕೂ ಅಷ್ಟೇ, ಆರು ಗೋಪುರ, ನೆತ್ತಿಯಲ್ಲೆಲ್ಲ ಅವಳ ಹೆಸರಿನ ಅಕ್ಷರ. ಮೇಲೆ ಹೋದಷ್ಟೂ ಕಿಟಕಿ ದೊಡ್ಡದಾಗುತ್ತದೆ, ಯಾಕಂದರೆ ದೊಡ್ಡವರ ಕೋಣೆಗಳು ಮೇಲಿನ ಅಂತಸ್ತಿನಲ್ಲಿವೆ. ಹೊರಗಿನ ಸಾಲು ಸರಿಹೊಂದಲಿ ಅಂತ ಕೆಲವು ಕಿಟಕಿ ಬರೀ ತೋರಿಕೆಗೆ ಇಟ್ಟಿದ್ದಾರೆ, ಒಳಗಡೆ ಗೋಡೆ. ಅಲ್ಲಿ ಬಾಗಿಲು ದಾಟಿದ ಕೂಡಲೇ ಹಾಲ್ ಯಾವ ದಿಕ್ಕಿಗೆ ಮಲಗಿದೆ ನೋಡಿ. ಹ್ಯಾಡನ್‌ನಲ್ಲಿ ಅದು ನಿಮಗೆ ಅಡ್ಡಲಾಗಿತ್ತು, ಓಣಿ ದಾಟಿ ಪಕ್ಕಕ್ಕೆ ತಿರುಗಬೇಕಿತ್ತು. ಹಾರ್ಡ್‌ವಿಕ್‌ನಲ್ಲಿ ಹಾಲ್ ಮುಂದಿನಿಂದ ಹಿಂದಕ್ಕೆ ನೇರ ಹೋಗುತ್ತದೆ, ನೀವು ಅದರ ನಡುವೆಯೇ ನಡೆದು ಒಳಗೆ ಬರುತ್ತೀರಿ. ಯಜಮಾನಿತಿ ಅಲ್ಲಿ ಕೂತು ಉಣ್ಣುವ ಪ್ರಶ್ನೆಯೇ ಇಲ್ಲ. ಮೆಟ್ಟಿಲು ಹತ್ತಿ ಮೇಲೆ ಹೋಗಬೇಕು.